ನಸೀಮ್ ಹಮೀದ್: ಆಟ ಬೇಕು, ಆಟಾಟೋಪ ಬೇಡ ಅಂದ್ರೆ ಆಗುತ್ತಾ?

ರಿಂಗ್‌ಸೈಡ್_ರಾಘು
ಬಾಕ್ಸರ್ 'ಪ್ರಿನ್ಸ್' ನಸೀಮ್ ಹಮೀದನ ಕ್ಲಿಪ್ ಯಾರಾದರೂ ಹಾಕಿದ ಕೂಡಲೇ ಎರಡು ಪಕ್ಷ ಆಗಿಬಿಡುತ್ತೆ. ಇಂಥವನು ಇನ್ನೊಬ್ಬ ಹುಟ್ಟಲ್ಲ ಅನ್ನೋರು ಒಂದು ಕಡೆ. ಬರೀ ಕೋಡಂಗಿ, 2001ರಲ್ಲಿ ಅವನನ್ನ ಸೋಲಿಸಿದ ಬಾರೆರಾ ಕೈಗೆ ಸಿಕ್ಕಾಗ ಬಣ್ಣ ಬಯಲಾಯ್ತು ಅನ್ನೋರು ಇನ್ನೊಂದು ಕಡೆ. ಎರಡೂ ಅರ್ಧ ಸತ್ಯ ಅಂತ ನನ್ನ ಅನಿಸಿಕೆ.

ಗೊತ್ತಿಲ್ಲದವರಿಗೆ ಲೆಕ್ಕ: 1974ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದ್ದು, ತಂದೆ ತಾಯಿ ಯೆಮೆನ್‌ನವರು. ಎತ್ತರ ಸುಮಾರು 5 ಅಡಿ 4 ಅಂಗುಲ. 37 ಪಂದ್ಯ, 36 ಗೆಲುವು, ಅದರಲ್ಲಿ 31 ನಾಕೌಟ್. 1995ರಿಂದ 2000ದವರೆಗೆ ಡಬ್ಲ್ಯೂಬಿಒ (ವಿಶ್ವಪಟ್ಟ ಕೊಡೋ ಸಂಸ್ಥೆಗಳಲ್ಲಿ ಒಂದು) ಫೆದರ್‌ವೇಟ್ (126 ಪೌಂಡ್) ಚಾಂಪಿಯನ್, 15 ಸಲ ಪಟ್ಟ ಉಳಿಸಿಕೊಂಡ. 2015ರಲ್ಲಿ ಹಾಲ್ ಆಫ್ ಫೇಮ್.

ಅವನಲ್ಲಿ ನಿಜವಾಗಿ ಹೊಸದು ಯಾವುದು, ಬರೀ ಶೋಕಿ ಯಾವುದು? ಬೇರೆ ಮಾಡಿ ಹೇಳಿ. "ಇವನೂ ಲೊಮಚೆಂಕೊನೂ ಆಡಿದ್ರೆ ಯಾರು ಗೆಲ್ತಾರೆ" ಥರದ್ದು ಇಲ್ಲಿ ಬೇಡ, ಅದಕ್ಕೆ ಬೇರೆ ಜಾಗ ಇದೆ.

ಧಾರವಾಡ್_ಜಬ್
ಅಲ್ರೀ ರಾಘು ಅವರ, ಹಮೀದನಿಂದ ಶುರು ಮಾಡಿದ್ರ ತಪ್ಪಾಗ್ತದ. ಬ್ರೆಂಡನ್ ಇಂಗಲ್ ಅವರಿಂದ ಶುರು ಮಾಡ್ರಿ. ಶೆಫೀಲ್ಡಿನ ವಿಂಕೊಬ್ಯಾಂಕ್‌ನ್ಯಾಗ ಅವರ ಜಿಮ್. ಹಮೀದ 7 ವರ್ಷದವ ಇದ್ದಾಗ ಅಲ್ಲಿ ಸೇರಿದಾವ. ಆ ಜಿಮ್ಮಿನ ನೆಲದ ಮ್ಯಾಲೆ ಗೆರೆ ಬರದಿರ್ತಿದ್ರು. ಹುಡುಗ್ರು ಆ ಗೆರಿ ದಾಟಕೋತ ಮುಂದ ಹಿಂದ ಹೋಗೂದು, ಒಮ್ಮೆ ಬಲಗಾಲು ಮುಂದ, ಒಮ್ಮೆ ಎಡಗಾಲು ಮುಂದ, ಹೆಜ್ಜಿಗೊಂದು ಪಂಚ್. ನಿಲುವು ಬದಲಿ ಮಾಡೂದು ಅಲ್ಲಿ ಮೊದಲನೇ ದಿನದ ಪಾಠ. ಬ್ಯಾರೆ ಜಿಮ್ಮಿನ್ಯಾಗ ನೀ ಸೌತ್‌ಪಾ (ಬಲಗಾಲು ಮುಂದ), ನೀ ಆರ್ಥೊಡಾಕ್ಸ್ (ಎಡಗಾಲು ಮುಂದ) ಅಂತ ಚೀಟಿ ಹಚ್ಚಿಬಿಡ್ತಾರ.

ಇನ್ನೊಂದು, ಅಲ್ಲಿ ಸ್ಪಾರಿಂಗ್ (ಜೋಡಿ ಆಡೂ ತಾಲೀಮು) ಬಹುತೇಕ ಮೈಗೆ ಮಾತ್ರ, ತಲೀಗೆ ಹೊಡಿಯೂ ಹಂಗಿಲ್ಲ. ಇದರಿಂದ ಲಾಭ ಏನಂದ್ರ, ಸಣ್ಣ ಹುಡುಗ ದೊಡ್ಡ ತೂಕದವನ ಜೋಡಿ ದಿನಾ ಆಡಬಹುದು. ಮಿದುಳಿಗೆ ಪೆಟ್ಟಿಲ್ಲ, ಅಂತರದ ಲೆಕ್ಕ ಮೈಗೂಡ್ತದ. ನಷ್ಟನೂ ಅಲ್ಲೇ ಐತಿ. ತಲೀಗೆ ಪಂಚ್ ಬರೂದಿಲ್ಲ ಅಂದ ಮ್ಯಾಲೆ ಕೈ ಎತ್ತಿ ಹಿಡಿಯೂ ಚಟ ಬೆಳಿಯೂದಿಲ್ಲ. ಹಮೀದನ ಕೈ ಕೆಳಗ ಇದ್ದದ್ದಕ್ಕ ಸೊಕ್ಕು ಒಂದೇ ಕಾರಣ ಅಲ್ಲರೀ, ಆ ತಾಲೀಮಿನ ಗುಣನೂ ಅದರಾಗ ಐತಿ.

ಅವನಿಗಿಂತ ಮೊದಲ ಅದೇ ಜಿಮ್ಮಿನ ಹೆರೋಲ್ ಗ್ರಹಾಮ್ ಇದನ್ನೆಲ್ಲ ಮಾಡ್ಯಾನ. ಹೊಡತ ತಪ್ಪಿಸೂದ್ರಾಗ ಗ್ರಹಾಮ್ ಒಂದು ಕೈ ಮ್ಯಾಲೇನ ಅಂತೀನಿ. ಅವನ ಕಡೆ ಇಲ್ಲದ್ದು, ಹಮೀದನ ಕಡೆ ಇದ್ದದ್ದು ಅಂದ್ರ ಆ ಪೆಟ್ಟಿನ ತೂಕ.

ಕುಡ್ಲ_ಸೌತ್‌ಪಾ
ಜಬ್ ಅವರು ಹೇಳಿದ್ದು ಸರಿ ಉಂಟು. ಆದರೆ ಆ ತೂಕ ಎಲ್ಲಿಂದ ಬಂತು ಅಂತ ಬಿಡಿಸಿ ನೋಡ್ಬೇಕು ಮಾರಾಯ್ರೇ. "ಹುಟ್ಟಾ ಪವರ್" ಅಂತ ಹೇಳಿ ಕೈ ತೊಳೆದುಕೊಂಡ್ರೆ ಯಾರಿಗೂ ಉಪಯೋಗ ಇಲ್ಲ.

ಅವನು ಸೌತ್‌ಪಾ, ಬಲಗಾಲು ಮುಂದೆ. ಆ ಹಾರಿ ಹೊಡೆಯುವ ಎಡಗೈ ನೋಡಿ. ಮೊದಲು ಭುಜ ಕುಣಿಸ್ತಾನೆ, ಎದುರಿನವನ ಕಣ್ಣು ಭುಜಕ್ಕೆ ಹೋಗ್ತದೆ. ಸೊಂಟ ಹಿಂದಿನ ಕಾಲಿನ ಮೇಲೆ ಕೂತಿರ್ತದೆ, ಮಂಡಿ ಮಡಚಿ. ಆಮೇಲೆ ಹಿಂದಿನ ಪಾದ ನೆಲ ಒದೀತದೆ, ಇಡೀ ಮೈ ಮುಂದೆ ಹಾರ್ತದೆ. ಕೈ ಹೊರಡುವುದು ಕಡೆಗೆ, ಅದೂ ಸೊಂಟದ ಮಟ್ಟದಿಂದ. ಪೆಟ್ಟು ತಾಗುವಾಗ ಕೆಲವು ಸಲ ಎರಡೂ ಪಾದ ನೆಲದಲ್ಲಿ ಇರುವುದಿಲ್ಲ. ಪುಸ್ತಕದ ಪ್ರಕಾರ ಇದು ತಪ್ಪು. ನೆಲದ ಆಸರೆ ಇಲ್ಲದಿದ್ದರೆ ಶಕ್ತಿ ಇಲ್ಲ ಅಂತ ಹೇಳಿಕೊಡ್ತಾರೆ. ಆದರೆ ನೆಲ ಒದ್ದ ಕೆಲಸ ಆಗ್ಲೇ ಮುಗಿದಿರ್ತದೆ. ಮುಂದೆ ಹೋಗ್ತಾ ಇರುವ ಮೈಯ ವೇಗವೇ ಮುಷ್ಟಿಗೆ ಬರುವುದು.

ಎರಡನೇ ಕಾರಣ ದೃಷ್ಟಿಯದ್ದು. ಗಾರ್ಡ್ ಎತ್ತಿ ನಿಂತವನಿಗೆ ಅವನದೇ ಗ್ಲೌಸ್ ಅಡ್ಡ, ಎದೆಯಿಂದ ಕೆಳಗಿನದ್ದು ಸರಿಯಾಗಿ ಕಾಣುವುದಿಲ್ಲ. ಸೊಂಟದಿಂದ ಹೊರಟ ಕೈ ಕಾಣುವುದು ಅರ್ಧ ದಾರಿ ಬಂದ ಮೇಲೆ. 1997ರ ಫೆಬ್ರವರಿಯಲ್ಲಿ ಟಾಮ್ ಜಾನ್ಸನ್‌ನನ್ನು 8ನೇ ಸುತ್ತಿನಲ್ಲಿ ಮುಗಿಸಿದ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬರುವ ಪಂಚ್) ನಿಧಾನ ಮಾಡಿ ನೋಡಿ, ಜಾನ್ಸನ್ ಅದಕ್ಕೆ ಪ್ರತಿಕ್ರಿಯೆಯೇ ಕೊಡುವುದಿಲ್ಲ. ಐಬಿಎಫ್ ಅಂತ ಇನ್ನೊಂದು ಸಂಸ್ಥೆಯ ಪಟ್ಟ ಅನೇಕ ಸಲ ಉಳಿಸಿಕೊಂಡ ಅನುಭವಸ್ಥ ಅವನು. ಕಾಣದ ಪೆಟ್ಟಿಗೆ ಕುತ್ತಿಗೆ ಬಿಗಿ ಮಾಡ್ಲಿಕ್ಕೆ ಆಗುವುದಿಲ್ಲ, ಹಾಗಾಗಿ ತಲೆ ಪೂರ್ತಿ ತಿರುಗ್ತದೆ.

ಈಗ ಖರ್ಚಿನ ಲೆಕ್ಕ. ಪೆಟ್ಟು ತಪ್ಪಿದ್ರೆ ಎರಡು ಪಾದ ಒಂದೇ ಸಾಲಿಗೆ ಬಂದು ಬೀಳ್ತವೆ, ಎದೆ ಪೂರ್ತಿ ತೆರೆದಿರ್ತದೆ, ಗದ್ದ ಮೇಲೆ, ಕೈ ಕೆಳಗೆ. ಆ ಅರ್ಧ ಸೆಕೆಂಡು ಅವನು ಯಾರ ಪೆಟ್ಟನ್ನೂ ತಡೆಯಲಾರ.

ಹಳೇ_ಟೇಪು
ತಾಂತ್ರಿಕವಾಗಿ ಎಲ್ಲ ಒಪ್ಪುತ್ತೇನೆ. ಆದರೆ ಶೀರ್ಷಿಕೆಯಲ್ಲಿ ಕೇಳಿದ ಪ್ರಶ್ನೆಯನ್ನು ಯಾರೂ ಮುಟ್ಟುತ್ತಿಲ್ಲ.

1994ರ ಮೇ ತಿಂಗಳು, ಶೆಫೀಲ್ಡ್, ಯುರೋಪಿಯನ್ ಬ್ಯಾಂಟಮ್‌ವೇಟ್ ಪಟ್ಟಕ್ಕೆ ವಿಂಚೆಂಜೊ ಬೆಲ್ಕಾಸ್ಟ್ರೊ ಜೊತೆ 12 ಸುತ್ತು. ಹಮೀದನಿಗೆ 20 ವರ್ಷ. ಗೆಲುವು ಖಚಿತವಾದ ಮೇಲೂ ಕೊನೆಯ ಸುತ್ತಿನಲ್ಲಿ ಆ ಇಟಲಿಯವನನ್ನು ಅಣಕಿಸಿದ್ದನ್ನು ಬ್ರಿಟಿಷ್ ಪತ್ರಿಕೆಗಳೇ ಬೈದವು. ಎದುರಾಳಿಯನ್ನು ಕೆರಳಿಸಿ ತಪ್ಪು ಮಾಡಿಸುವುದು ತಂತ್ರ, ಸರಿ. ಆದರೆ ಅಲ್ಲಿ ಕೆರಳಿಸಿ ಆಗಬೇಕಾದ ಕೆಲಸ ಏನೂ ಉಳಿದಿರಲಿಲ್ಲ.

1995ರ ಸೆಪ್ಟೆಂಬರ್ 30, ಕಾರ್ಡಿಫ್. ಸ್ಟೀವ್ ರಾಬಿನ್ಸನ್ ಎಂಥ ಮನುಷ್ಯ? 1993ರಲ್ಲಿ ಎರಡು ದಿನದ ನೋಟಿಸಿನಲ್ಲಿ ಪಂದ್ಯ ಒಪ್ಪಿಕೊಂಡು ಹೋಗಿ ಪಟ್ಟ ಗೆದ್ದವನು, ಆಮೇಲೆ 7 ಸಲ ಉಳಿಸಿಕೊಂಡವನು. ಅವನ ಊರಿನಲ್ಲೇ, ಅವನ ಜನರ ಮುಂದೆಯೇ ಹಮೀದ ಅವನನ್ನು ಆಟದ ಗೊಂಬೆ ಮಾಡಿದ. 8ನೇ ಸುತ್ತಿನಲ್ಲಿ ಮುಗಿಯಿತು. ಬಾಕ್ಸಿಂಗ್ ದೃಷ್ಟಿಯಿಂದ ಹಮೀದನ ಅತ್ಯುತ್ತಮ ಪ್ರದರ್ಶನಗಳಲ್ಲಿ ಅದೂ ಒಂದು. ನೋಡುವಾಗ ಖುಷಿಗಿಂತ ಮುಜುಗರವೇ ಹೆಚ್ಚು.

ರಿಂಗ್‌ಸೈಡ್_ರಾಘು
ಟೇಪು ಸರ್, ಬೆಲ್ಕಾಸ್ಟ್ರೊ ವಿಷಯ ಪೂರ್ತಿ ಒಪ್ಪಿದೆ. ರಾಬಿನ್ಸನ್ ವಿಷಯದಲ್ಲಿ ಸ್ವಲ್ಪ ತಕರಾರಿದೆ. ಅವತ್ತು ಇಡೀ ಮೈದಾನ ಹಮೀದನ ವಿರುದ್ಧ ಕೂಗ್ತಾ ಇತ್ತು. 21ರ ಹುಡುಗ, ಬಯಲಲ್ಲಿ ರಿಂಗು. ಅಂಥ ಕಡೆ ನಗ್ತಾ ಕುಣೀತಾ ಇರೋದು ಅವನಿಗೆ ರಕ್ಷಣೆಯೂ ಆಗಿತ್ತು. ಇನ್ನೊಂದು ಸಂಗತಿ, ರಾಬಿನ್ಸನ್‌ದು ಎರಡೂ ಕೈ ಎತ್ತಿದ ಬಿಗಿ ಗಾರ್ಡ್. ಅಂಥವನು ತಾನಾಗಿ ಹೊರಗೆ ಬರಲ್ಲ. ಗದ್ದ ಮುಂದೆ ಚಾಚಿ "ಬಾ, ಹೊಡಿ" ಅಂದಾಗಲೇ ಆ ಗಾರ್ಡ್ ತೆರೆದದ್ದು. ಅಣಕ ಅಲ್ಲಿ ಫೀಂಟ್ (ಎದುರಾಳಿಯನ್ನ ಯಾಮಾರಿಸೋ ಸುಳ್ಳು ಪೆಟ್ಟು) ಮಾಡೋ ಕೆಲಸ ಮಾಡಿದೆ.

ಅಂಕಪಟ್ಟಿ
ಅಣಕ ಯಾವಾಗ ಕೆಲಸ ಮಾಡುತ್ತೆ, ಯಾವಾಗ ತಿರುಗಿ ಕಚ್ಚುತ್ತೆ ಅನ್ನೋದಕ್ಕೆ ಕೆವಿನ್ ಕೆಲ್ಲಿ ಪಂದ್ಯ ಒಂದೇ ಸಾಕು. 1997ರ ಡಿಸೆಂಬರ್ 19, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಅಮೆರಿಕದಲ್ಲಿ ಹಮೀದನ ಮೊದಲ ಪಂದ್ಯ. 4 ಸುತ್ತಿನಲ್ಲಿ 6 ನಾಕ್‌ಡೌನ್, ಇಬ್ಬರೂ ತಲಾ 3 ಸಲ ಕೆಳಗೆ.

ಹಮೀದ ಬಿದ್ದಿದ್ದರ ಕಾರಣ ನೋಡಿ. ಅವನ ರಕ್ಷಣೆ ನಿಂತಿರೋದು ಸೊಂಟದಿಂದ ಹಿಂದಕ್ಕೆ ವಾಲೋದರ ಮೇಲೆ. ಹಿಂದಕ್ಕೆ ವಾಲೋದು ಒಂದು ಪಂಚಿಗೆ ಸಾಕು. ಎರಡನೇ ಪಂಚ್ ಬರೋ ಹೊತ್ತಿಗೆ ತೂಕ ಹಿಮ್ಮಡಿ ಮೇಲೆ ಇರುತ್ತೆ, ಇನ್ನೂ ಹಿಂದೆ ಹೋಗೋಕೆ ಜಾಗ ಇಲ್ಲ, ಪಕ್ಕಕ್ಕೆ ತಿರುಗೋಕೆ ಕಾಲು ಸ್ವತಂತ್ರವಾಗಿಲ್ಲ. ಮೇಲಾಗಿ ಕೆಲ್ಲಿಯೂ ಸೌತ್‌ಪಾ. ಆರ್ಥೊಡಾಕ್ಸ್ ಎದುರಾಳಿಗಳ ಮುಂದೆ ಅಭ್ಯಾಸವಾದ ಕೋನಗಳೆಲ್ಲ ಅಲ್ಲಿ ತಿರುವುಮುರುವು. ತಮಾಷೆ ಅಂದ್ರೆ ಹೀಗೆ ಬೀಳೋದರಲ್ಲಿ ಅರ್ಧ ಭಾಗ ತೋಲ ತಪ್ಪಿದ್ದು, ಪೂರ್ತಿ ಪೆಟ್ಟಿನದ್ದಲ್ಲ. ಹಾಗಾಗಿಯೇ ಏಳೋದೂ ಬೇಗ. ಆದರೆ ರೆಫರಿ 8 ಎಣಿಸೇ ಎಣಿಸ್ತಾರೆ, ತೀರ್ಪುಗಾರರ ಹಾಳೆಯಲ್ಲಿ ಆ ಸುತ್ತು ಸಾಮಾನ್ಯವಾಗಿ 10-8, ಅಂದ್ರೆ ಬಿದ್ದವನಿಗೆ ಎರಡು ಅಂಕ ಕಮ್ಮಿ.

12 ಸುತ್ತಿನ ಪಂದ್ಯದಲ್ಲಿ ಎರಡು ಅಂಕ ಕಳ್ಕೊಂಡ್ರೂ ಆಮೇಲೆ ನಾಕೌಟ್ ಮಾಡ್ತೀನಿ ಅನ್ನೋ ಧೈರ್ಯ ಅವನಿಗಿತ್ತು. 3 ಸುತ್ತಿನ ಅಮೆಚೂರ್ ಪಂದ್ಯದಲ್ಲಿ ಒಂದು 10-8 ಬಂದ್ರೆ ಕಥೆ ಮುಗಿದ ಹಾಗೆ. ನಮ್ಮ ಹುಡುಗರು ಕ್ಲಿಪ್ ನೋಡಿ ಕೈ ಇಳಿಸೋಕೆ ಮುಂಚೆ ಇದನ್ನ ಯೋಚನೆ ಮಾಡಬೇಕು.

ಗಂಟೆ_ಆಯ್ತು
ಕೋಚಿಂಗ್ ಕಡೆಯಿಂದ ನಾಲ್ಕು ಮಾತು. "ಹಮೀದ್ ಥರ ಆಡ್ತೀನಿ" ಅನ್ನುವ ಹುಡುಗನಿಗೆ ಸುಮ್ಮನೆ ಬೈದರೆ ಪ್ರಯೋಜನ ಇಲ್ಲ, ಕಲಿಸಬಹುದಾದ ಭಾಗವನ್ನು ಕಲಿಸಿ. ಶುರು ಕಾಲಿನಿಂದ.

ನೆಲದ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ ಉದ್ದಕ್ಕೆ ಆರು ಅಡ್ಡಗೆರೆ ಎಳೆಯಿರಿ. ಗೆರೆಯಿಂದ ಗೆರೆಗೆ ಅಂತರ ಹುಡುಗನ ಸಹಜ ನಿಲುವಿನಷ್ಟು, ಅಂದರೆ ಭುಜದ ಅಗಲಕ್ಕಿಂತ ಸ್ವಲ್ಪ ಜಾಸ್ತಿ. ಮೊದಲ ವಾರ ಪಂಚ್ ಇಲ್ಲ. ಹಿಂದಿನ ಕಾಲು ಮುಂದೆ ಬಂದು ಗೆರೆ ದಾಟಿ ಹೊಸ ನಿಲುವಿಗೆ ಕೂರಬೇಕು, ಹಿಂದಕ್ಕೆ ಬರುವಾಗ ಮುಂದಿನ ಕಾಲು ಹಿಂದೆ ಹೋಗಬೇಕು. ದಾಟುವ ಕ್ಷಣದಲ್ಲಿ ಎರಡು ಪಾದ ಅಕ್ಕಪಕ್ಕ ಬರುತ್ತವೆ, ಅಪಾಯ ಇರುವುದು ಅಲ್ಲೇ. ಆದ್ದರಿಂದ ಆ ಕ್ಷಣದಲ್ಲಿ ತಲೆ ಮೈಯ ಮಧ್ಯರೇಖೆಯಿಂದ ಪಕ್ಕಕ್ಕಿರಬೇಕು, ಮಂಡಿ ಮಡಚಿರಬೇಕು. ತಲೆ ಮೇಲೆ ಕೆಳಗೆ ಆಡುತ್ತಿದ್ದರೆ ಮಂಡಿ ನೆಟ್ಟಗಾಗುತ್ತಿದೆ ಎಂದರ್ಥ, ನಿಲ್ಲಿಸಿ ಸರಿ ಮಾಡಿ. 2 ನಿಮಿಷದ ಸುತ್ತು, ಅಂಥವು ಹೆಚ್ಚೆಂದರೆ 4. ಅದಕ್ಕಿಂತ ಮುಂದೆ ಹೋದರೆ ಮೀನಖಂಡ ಸೋತು ಹುಡುಗರು ಹಿಮ್ಮಡಿ ಮೇಲೆ ನಿಲ್ಲಲು ಶುರು ಮಾಡುತ್ತಾರೆ, ಆ ಕೆಟ್ಟ ಅಭ್ಯಾಸವೇ ಉಳಿಯುತ್ತದೆ.

ಎರಡನೇ ವಾರದಿಂದ ಪಾದ ನೆಲಕ್ಕೆ ಇಳಿಯುವಾಗಲೇ ಅದೇ ಕಡೆಯ ಕೈ ಹೋಗಬೇಕು. ಪಾದ ಮೊದಲು ಕೂತು ಕೈ ಆಮೇಲೆ ಹೋದರೆ ಬರೀ ತೋಳಿನ ಪಂಚ್ ಆಗುತ್ತದೆ. ಕೈ ಮೊದಲು ಹೋದರೆ ತಳ್ಳಿದ ಹಾಗಾಗುತ್ತದೆ.

ಮೈಗೆ ಮಾತ್ರ ಸ್ಪಾರಿಂಗ್ ಧಾರಾಳವಾಗಿ ಮಾಡಿಸಿ, ಆದರೆ ಒಂದು ನಿಯಮ ಸೇರಿಸಿ: ತಲೆಗೆ ಹೊಡೆಯದಿದ್ದರೂ ಗ್ಲೌಸ್ ತೆರೆದು ಹಣೆಯನ್ನು ಮೆತ್ತಗೆ ಮುಟ್ಟಬಹುದು. ಮುಟ್ಟಿಸಿಕೊಂಡವನಿಗೆ ಅಂಕ ಕಟ್. ಧಾರವಾಡದವರು ಹೇಳಿದ ಕೈ ಇಳಿಯುವ ಸಮಸ್ಯೆ ಇದರಿಂದ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಹೆಡ್‌ಗಾರ್ಡ್ ವಿಷಯ ಮರೆಯಬೇಡಿ. ಜೂನಿಯರ್ ಹುಡುಗರ ತಲೆ ಅದರಿಂದ ಸುತ್ತಲೂ ದಪ್ಪವಾಗಿರುತ್ತದೆ, ಪಕ್ಕದ ನೋಟವೂ ಕಡಿಮೆ. ಹಮೀದ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಪಂಚ್ ಇವರ ಹೆಡ್‌ಗಾರ್ಡಿಗೆ ತಾಗುತ್ತದೆ, ತಾಗಿದ್ದು ತೀರ್ಪುಗಾರರಿಗೆ ಕಾಣುತ್ತದೆ. ಫೆದರ್‌ವೇಟ್ ಪ್ರೊಫೆಷನಲ್ ಗ್ಲೌಸ್ 8 ಔನ್ಸ್, ಅಮೆಚೂರ್‌ನಲ್ಲಿ ಆ ತೂಕಕ್ಕೆ 10. ಪೆಟ್ಟು ಮೆತ್ತಗಾಗುತ್ತದೆ, ಹಾರಿ ಹೊಡೆಯುವ ಅಪಾಯ ಮಾತ್ರ ಅಷ್ಟೇ ಉಳಿಯುತ್ತದೆ. ಲೆಕ್ಕ ಹೊಂದುವುದಿಲ್ಲ.

ಧಾರವಾಡ್_ಜಬ್
ಮೇಡಮ್ರ, ಹಣಿ ಮುಟ್ಟೂ ನಿಯಮ ಭಾಳ ಛಲೋ ಅದ. ಒಂದು ಸಂಶಯ. ನಿಲುವು ಬದಲಿ ಮಾಡೂದನ್ನ ಸಣ್ಣ ಹುಡುಗ್ರಿಗೆ ಮೊದಲಿಂದ ಕಲಿಸಿದ್ರ ಎರಡೂ ಕಡೆ ಅರೆಬರೆ ಆಗೂದಿಲ್ಲೇನ್ರಿ?

ಗಂಟೆ_ಆಯ್ತು
ಆಗುತ್ತದೆ, ಅದಕ್ಕೇ ಒಂದು ನಿಲುವನ್ನು ಮನೆ ಎಂದು ಇಟ್ಟುಕೊಳ್ಳಬೇಕು. ಬ್ಯಾಗ್ ಕೆಲಸದಲ್ಲಿ ಮೂರು ಪಾಲು ಮನೆ ನಿಲುವು, ಒಂದು ಪಾಲು ಇನ್ನೊಂದು. ಹಮೀದನೂ ಬದಲಿಸುತ್ತಿದ್ದನೇ ಹೊರತು ಅವನ ಮನೆ ಸೌತ್‌ಪಾ ನಿಲುವೇ. ಹೊಸ ನಿಲುವಿನಲ್ಲಿ ಜಬ್ (ಮುಂದಿನ ಕೈಯ ನೇರ ಪಂಚ್) ಮತ್ತು ಹೊರಬರುವ ಹೆಜ್ಜೆ, ಇವೆರಡು ಗಟ್ಟಿಯಾಗುವವರೆಗೆ ಸ್ಪಾರಿಂಗ್‌ನಲ್ಲಿ ಅದನ್ನು ಬಳಸಲು ಬಿಡಬೇಡಿ.

ಕುಡ್ಲ_ಸೌತ್‌ಪಾ
ಬಾರೆರಾ ಪಂದ್ಯದ ಬಗ್ಗೆ ಯಾರಾದರೂ ಬರೀತಾರೆ ಅಂತ ಕಾದೆ, ಯಾರೂ ಬರೀಲಿಲ್ಲ.

2001ರ ಏಪ್ರಿಲ್ 7, ಲಾಸ್ ವೇಗಸ್. ಮಾರ್ಕೊ ಆಂಟೋನಿಯೊ ಬಾರೆರಾ 122 ಪೌಂಡಿನಿಂದ ಮೇಲೆ ಬಂದವನು, ಫೇವರಿಟ್ ಹಮೀದ. ಹಿಂದಿನ ವರ್ಷ ಮೊರಾಲೆಸ್ ಜೊತೆ ಬಾರೆರಾ ಎದೆಗೆ ಎದೆ ಕೊಟ್ಟು ಆಡಿದ್ದ. ಇಲ್ಲಿಯೂ ಹಾಗೆಯೇ ನುಗ್ಗಿ ಬರ್ತಾನೆ ಅಂತ ಎಲ್ಲರ ಲೆಕ್ಕ. ಬರಲೇ ಇಲ್ಲ.

ಅವನು ಮಾಡಿದ್ದು ಇಷ್ಟು. ತನ್ನ ಎಡ ಪಾದವನ್ನು ಹಮೀದನ ಬಲ ಪಾದದ ಹೊರಗೆ ಇಟ್ಟು ಎಡಕ್ಕೆ ಸುತ್ತಿದ, ಹಮೀದನ ಎಡಗೈಯಿಂದ ದೂರ ದೂರ. ಆ ಕಡೆ ಹೋದ್ರೆ ಬಲಗೈ ಹುಕ್ (ಪಕ್ಕದಿಂದ ಬಳಸಿ ಬರುವ ಪಂಚ್) ಸಿಗುವ ಭಯ ಉಂಟು, ಅದಕ್ಕೆ ಜಬ್ ಮುಗಿದ ಕೂಡಲೇ ಕೈ ಕೆನ್ನೆಗೆ ವಾಪಸ್. ಒಂದು ಅಥವಾ ಎರಡು ಪಂಚ್, ಅಲ್ಲಿಗೆ ನಿಲ್ಲಿಸುವುದು. ಬೆನ್ನಟ್ಟುವುದಿಲ್ಲ. ಹಮೀದನ ಇಡೀ ಯಂತ್ರ ಓಡುವುದು ಎದುರಾಳಿಯ ಅತಿ ಆಸೆಯಿಂದ. ಮೂರನೇ, ನಾಲ್ಕನೇ ಪಂಚಿಗೆ ಮೈ ಮುಂದೆ ವಾಲಿದವನಿಗೇ ಆ ಸೊಂಟದ ಅಪ್ಪರ್‌ಕಟ್ ಸಿಗುವುದು. ಬಾರೆರಾ ಆ ಆಸೆ ಪಡಲಿಲ್ಲ. ಮೊದಲ ಸುತ್ತಿನಲ್ಲೇ ಎಡ ಹುಕ್ ತಾಗಿ ಹಮೀದ ತತ್ತರಿಸಿದ. ಆಮೇಲೆ ಹಾರಿದಾಗೆಲ್ಲ ಇಳಿಯುವ ಜಾಗದಲ್ಲಿ ಬಾರೆರಾನ ಕೈ ಕಾಯ್ತಾ ಇತ್ತು.

ಮೂವರು ತೀರ್ಪುಗಾರರೂ ಬಾರೆರಾನಿಗೇ ಕೊಟ್ರು: 115-112, 115-112, 116-111. 12ನೇ ಸುತ್ತಿನಲ್ಲಿ ಹಮೀದನ ತಲೆ ಹಿಡಿದು ಮೂಲೆಯ ಪ್ಯಾಡಿಗೆ ಗುದ್ದಿಸಿದ್ದಕ್ಕೆ ರೆಫರಿ ಜೋ ಕಾರ್ಟೆಜ್ ಬಾರೆರಾನ ಒಂದು ಅಂಕ ಕತ್ತರಿಸಿದ್ರು, ಅದು ಕಳೆದ ಮೇಲೂ ಈ ಅಂತರ. ಅಣಕಿಸಿದ್ರೆ ಬಾರೆರಾ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

ಹಳೇ_ಟೇಪು
ಹಮೀದನ ದೌರ್ಬಲ್ಯವನ್ನು ಬಾರೆರಾ ಒಬ್ಬನೇ ಕಂಡುಹಿಡಿದ ಎನ್ನುವಂತಿಲ್ಲ. ಇಳಿಜಾರು ಅದಕ್ಕೂ ಮೊದಲೇ ಶುರುವಾಗಿತ್ತು. 1998ರ ಅಕ್ಟೋಬರಿನಲ್ಲಿ ವೇಯ್ನ್ ಮೆಕಲ್ಲಾ 12 ಸುತ್ತು ನಿಂತು ತೋರಿಸಿದ. ಅದೇ ಕಾಲಕ್ಕೆ ಹಣ, ಗೌರವ ಎರಡರ ಜಗಳದಲ್ಲಿ ಇಂಗಲ್ ಜೊತೆಗಿನ ನಂಟು ಕಡಿದುಹೋಯಿತು. 1999ರಲ್ಲಿ ಡೆಟ್ರಾಯಿಟ್‌ನಲ್ಲಿ ಸೀಸರ್ ಸೊಟೊನನ್ನು ಎತ್ತಿ ನೆಲಕ್ಕೆ ಒಗೆದ, ಕುಸ್ತಿ ಕಣದಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ಡಬ್ಲ್ಯೂಬಿಸಿ ಎಂಬ ಮತ್ತೊಂದು ಸಂಸ್ಥೆಯ ಪಟ್ಟ ಸಿಕ್ಕಿತು, ಪಂದ್ಯ ಮಾತ್ರ ನೋಡಲಾಗದಷ್ಟು ಗಲೀಜು.

ಆಮೇಲೆ ತರಬೇತುದಾರರಾಗಿ ಆಸ್ಕರ್ ಸುವಾರೆಜ್, ಎಮ್ಯಾನುಯೆಲ್ ಸ್ಟುವರ್ಡ್ ಬಂದರು. ಸ್ಟುವರ್ಡ್ ದೊಡ್ಡ ಗುರು, ಅನುಮಾನವಿಲ್ಲ. ಆದರೆ ಅವರ ಶಾಲೆ ಎತ್ತರದ ನಿಲುವು, ಉದ್ದ ಜಬ್, ಹಿಂದಿನ ಕೈಯ ಭಾರೀ ನೇರ ಪೆಟ್ಟಿನದು. 5 ಅಡಿ 4 ಅಂಗುಲದ ಹುಡುಗ ನೆಲದ ಗೆರೆಗಳ ಮೇಲೆ ಬೆಳೆಸಿಕೊಂಡ ಕಾಲಿಗೂ ಅದಕ್ಕೂ ತಾಳ ಕೂಡುವುದು ಕಷ್ಟ. ಕೊನೆಕೊನೆಯ ಪಂದ್ಯಗಳಲ್ಲಿ ಹಮೀದ ಕಾಲು ಊರಿ ನಿಂತು ಒಂದೇ ದೊಡ್ಡ ಪೆಟ್ಟು ಹುಡುಕುತ್ತಿದ್ದ. ಕೋನ ಹೋಯಿತು, ಹೆಜ್ಜೆ ಹೋಯಿತು, ಕೆಳಗಿಳಿದ ಕೈ ಮಾತ್ರ ಉಳಿಯಿತು. ಸೊಕ್ಕಿನ ಬೆಲೆ ಎಂದು ನಾನು ಕರೆಯುವುದು ಇದನ್ನು. ರಿಂಗಿಗೆ ಬರುವ ಮೆರವಣಿಗೆ, ಹಗ್ಗದ ಮೇಲಿಂದ ಹಾಕುವ ಪಲ್ಟಿ ಎಲ್ಲ ಇರಲಿ, ತನ್ನ ಆಟದ ಅಡಿಪಾಯ ಹಾಕಿದವರಿಂದಲೇ ದೂರ ಹೋದನಲ್ಲ.

ಅಂಕಪಟ್ಟಿ
ಕೈ ಮುರಿತವನ್ನೂ ಸೇರಿಸಿಕೊಳ್ಳಿ ಸರ್. ಹಮೀದನಿಗೆ ಕೈ ಮೂಳೆಯ ತೊಂದರೆ ಬಹಳ ವರ್ಷದ್ದು. 2000ದ ಆಗಸ್ಟಿನಲ್ಲಿ ಆಗೀ ಸಾಂಚೆಜ್ ಅನ್ನೋನ ಮೇಲೆ 4ನೇ ಸುತ್ತಿನಲ್ಲಿ ಗೆದ್ದ ಪಂದ್ಯದಲ್ಲೂ ಕೈ ಮುರಿದಿತ್ತು. ವಿಚಿತ್ರ ಕೋನದಿಂದ, ಪೂರ್ತಿ ಮೈ ಹಾಕಿ ಹೊಡೆದಾಗ ಮುಷ್ಟಿಯ ಮುಂಭಾಗದ ಎರಡು ಗೆಣ್ಣು ಸರಿಯಾಗಿ ತಾಗೋದು ಗ್ಯಾರಂಟಿ ಇಲ್ಲ. ಕಿರುಬೆರಳ ಕಡೆ ಅಥವಾ ಹೆಬ್ಬೆರಳ ಬುಡ ತಾಗಿದ್ರೆ ಮೂಳೆ ಹೋಗುತ್ತೆ. ತಾಲೀಮಿನಲ್ಲಿ ಕೈ ಉಳಿಸ್ಕೊಂಡ್ರೆ ಟೈಮಿಂಗ್ ಮಂಕಾಗುತ್ತೆ. ಅವನ ಆಟಕ್ಕೆ ಟೈಮಿಂಗ್ ಬಿಟ್ರೆ ಬೇರೆ ಗಾರ್ಡೇ ಇಲ್ಲ.

ರಿಂಗ್‌ಸೈಡ್_ರಾಘು
ಎಂಟ್ರಿ ಬಗ್ಗೆಯೂ ಒಂದು ಪ್ರಾಕ್ಟಿಕಲ್ ಮಾತು. 2000ದ ಮಾರ್ಚಿನಲ್ಲಿ ಬುಂಗು ಪಂದ್ಯಕ್ಕೆ ಹಾರುವ ಕಂಬಳಿ ಮೇಲೆ ಬಂದ, ಕೆಲ್ಲಿ ಪಂದ್ಯಕ್ಕೆ ಪರದೆ ಹಿಂದೆ ನೆರಳಾಗಿ ನಿಮಿಷಗಟ್ಟಲೆ ಕುಣಿದ. ಎದುರಾಳಿ ಅಷ್ಟು ಹೊತ್ತೂ ರಿಂಗಿನಲ್ಲಿ ನಿಂತು ಕಾಯಬೇಕು, ಬೆವರು ಆರಿ ಮೈ ತಣ್ಣಗಾಗುತ್ತೆ. ಹಮೀದ ಮಾತ್ರ ಕುಣೀತಾ ಬಿಸಿಯಾಗೇ ಇರ್ತಾನೆ. ಜನ ಬರೀ ಸರ್ಕಸ್ ಅಂದ್ಕೊಂಡಿದ್ದು ವಾರ್ಮ್‌ಅಪ್ ಕೂಡ ಆಗಿತ್ತು. ಹಗ್ಗದ ಮೇಲಿನ ಪಲ್ಟಿಯನ್ನ ಮಾತ್ರ ಯಾವ ಹುಡುಗನೂ ಪ್ರಯತ್ನ ಮಾಡಬಾರದು. ಮಣಿಕಟ್ಟಿನ ಮೇಲೆ ಪೂರ್ತಿ ಭಾರ, ಅದೂ ಪಂದ್ಯಕ್ಕೆ ಮುಂಚೆ.

ಹಳೇ_ಟೇಪು
ಅದಿರಲಿ. ರಿಂಗಿನ ಹೊರಗಿನದ್ದನ್ನು ಯಾರೂ ಎತ್ತಿಲ್ಲ. 2005ರ ಮೇನಲ್ಲಿ ಶೆಫೀಲ್ಡ್ ಬಳಿ ಅಪಾಯಕಾರಿಯಾಗಿ ಕಾರು ಓಡಿಸಿ ಇನ್ನೊಬ್ಬರಿಗೆ ಗಂಭೀರ ಗಾಯ, 2006ರಲ್ಲಿ 15 ತಿಂಗಳ ಶಿಕ್ಷೆ, ಬ್ರಿಟಿಷ್ ಸರ್ಕಾರ ಕೊಟ್ಟಿದ್ದ ಎಂಬಿಇ ಗೌರವ ವಾಪಸ್. ಅವನನ್ನು ಮೆಚ್ಚುವವರು ಇದನ್ನು ಬಿಟ್ಟು ಬರೆಯಬಾರದು.

ಕುಡ್ಲ_ಸೌತ್‌ಪಾ
ಬಿಡುವುದು ಬೇಡ. ಆದರೆ ಅದನ್ನು ಅವನ ಎಡಗೈ ಮೇಲೆ ಹೇರುವುದೂ ಬೇಡ. ಗಾಯ ಆದವರಿಗೆ ಆದದ್ದು ಬಾಕ್ಸಿಂಗಿನ ಚರ್ಚೆಯಲ್ಲಿ ತೂಗುವ ಸಂಗತಿ ಅಲ್ಲ, ಅದಕ್ಕೆ ಕೋರ್ಟ್ ಶಿಕ್ಷೆ ಕೊಟ್ಟಿದೆ.

ಧಾರವಾಡ್_ಜಬ್
ನನಗ ಇನ್ನೂ ಒಂದು ತಿಳೀಬೇಕಾಗೇದ. ಹಿಂದಕ್ಕ ವಾಲೂದನ್ನ ಪೂರ್ತಿ ಬಿಡಿಸೂದೋ, ತಿದ್ದೂದೋ? ನಮ್ಮ ಕಡೆ ಹುಡುಗ್ರು ಕುಸ್ತಿಯಿಂದ ಬಂದಾವ್ರು ಇರ್ತಾರ, ಸೊಂಟ ಗಟ್ಟಿ ಇರ್ತದ, ವಾಲೂದು ಅವರಿಗೆ ಸರಳ ಬರ್ತದ.

ಗಂಟೆ_ಆಯ್ತು
ತಿದ್ದಿ, ಬಿಡಿಸಬೇಡಿ. ನೆಟ್ಟಗೆ ಹಿಂದಕ್ಕೆ ವಾಲುವ ಬದಲು ಹಿಂದಿನ ಕಾಲಿನ ಮಂಡಿಯ ಮೇಲೆ ಓರೆಯಾಗಿ ಕೂರುವ ಹಾಗೆ ವಾಲಿಸಿ, ಆಗ ಗದ್ದ ಭುಜದ ಹಿಂದೆ ಅಡಗುತ್ತದೆ. ಹಿಂದಿನ ಪಾದದ ಹಿಮ್ಮಡಿ ನೆಲಕ್ಕೆ ತಾಗಬಾರದು. ಬೇಕಾದರೆ ಅದರ ಕೆಳಗೆ ಮಡಚಿದ ಬಟ್ಟೆ ಇಡಿ, ಹಿಮ್ಮಡಿ ಬಟ್ಟೆಯನ್ನು ಒತ್ತಿದರೆ ಆ ಸಲದ್ದು ಲೆಕ್ಕಕ್ಕಿಲ್ಲ.

ಪ್ಯಾಡ್ ಹಿಡಿದವರು ಯಾವಾಗಲೂ ಎರಡು ಪಂಚ್ ಕೊಡಬೇಕು, ಒಂದಕ್ಕೇ ನಿಲ್ಲಿಸಬಾರದು. ಮೊದಲನೆಯದಕ್ಕೆ ವಾಲಲಿ, ಎರಡನೆಯದಕ್ಕೆ ಮುಂದಿನ ಕಾಲಿನ ಮೇಲೆ ತಿರುಗಿ ಪಕ್ಕಕ್ಕೆ ಹೊರಬರಲಿ ಅಥವಾ ಕೈಯಿಂದ ತಡೆಯಲಿ. ಎರಡನೆಯದಕ್ಕೂ ವಾಲಿದರೆ ಪ್ಯಾಡಿನಿಂದ ಹಣೆಗೆ ಮೆತ್ತಗೆ ತಟ್ಟಿ, ಅಷ್ಟರಲ್ಲೇ ಅರ್ಥವಾಗುತ್ತದೆ. ಇದು ಕೂತ ಮೇಲೆ ಸೌತ್‌ಪಾ ಹುಡುಗನೊಬ್ಬನನ್ನು ಎದುರಿಗೆ ನಿಲ್ಲಿಸಿ. ಕೆಲ್ಲಿ ಪಂದ್ಯದ ಕೋನಗಳು ಅಲ್ಲಿಯೇ ಗೊತ್ತಾಗುತ್ತವೆ.